ಗೋಡೆಯಾಚೆಯ ಪಾಲು: ಫ್ಲ್ಯಾಟ್ ಕೊಳ್ಳುವ ತಾಳವಾಡಿಯವರು ತಿಳಿದಿರಬೇಕಾದ ಜಂಟಿ ಜಾಗದ ಕಾನೂನು

ತಾಳವಾಡಿಯಿಂದ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಕರ್ನಾಟಕದ ಗಡಿ. ಅದರಾಚೆ ಚಾಮರಾಜನಗರ, ಮೈಸೂರು. ಇನ್ನೊಂದು ದಿಕ್ಕಿಗೆ ಹೊರಟರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ. ಅಲ್ಲಿಂದ ಈರೋಡು, ಕೊಯಮತ್ತೂರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು; ಕನ್ನಡವೇ ಮನೆಮಾತಾದ ತಾಳವಾಡಿ ಮದ್ರಾಸ್ ರಾಜ್ಯದಲ್ಲಿ ಉಳಿಯಿತು. ಇಲ್ಲಿಯ ಮಕ್ಕಳು ಓದಿಗೂ ಕೆಲಸಕ್ಕೂ ಎರಡು ಕಡೆಗೂ ಇಳಿಯುತ್ತಾರೆ. ಹಾಗೆ ಹೋದವರು ಒಂದು ಹಂತಕ್ಕೆ ಬಂದಾಗ ಊರಿನ ಜಮೀನಿನ ಹಣವನ್ನೋ ಬ್ಯಾಂಕಿನ ಸಾಲವನ್ನೋ ಸೇರಿಸಿ ಪಟ್ಟಣದಲ್ಲಿ ಒಂದು ಫ್ಲ್ಯಾಟ್ ಕೊಳ್ಳುತ್ತಾರೆ. ಒಬ್ಬ ಮಗನ ಫ್ಲ್ಯಾಟ್ ಮೈಸೂರಿನಲ್ಲಿ, ಮಗಳದ್ದು ಕೊಯಮತ್ತೂರಿನಲ್ಲಿ ಇರುವುದು ಗಡಿನಾಡಿನ ಕುಟುಂಬಕ್ಕೆ ಸಹಜ.

ಕೊಳ್ಳುವಾಗ ನಾವು ನೋಡುವುದು ಕೋಣೆ, ಅಡುಗೆಮನೆ, ಗಾಳಿ, ಬೆಳಕು. ಮೆಟ್ಟಿಲು, ಲಿಫ್ಟ್, ಮೇಲ್ಚಾವಣಿ, ಕಾರು ನಿಲ್ಲಿಸುವ ಜಾಗ, ನೀರಿನ ತೊಟ್ಟಿ, ಇವೆಲ್ಲಕ್ಕೂ ಆಧಾರವಾದ ನೆಲ ಯಾರದ್ದು ಎಂದು ಕೇಳುವವರು ಕಡಿಮೆ. ಆದರೆ ಮುಂದೆ ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಈ ಜಾಗದ ಮೇಲೆ ನಿಮಗಿರುವ ಹಕ್ಕೇನು, ಅದರ ಜೊತೆ ಬರುವ ಹೊಣೆಯೇನು, ತಕರಾರಾದರೆ ಹೋಗಬೇಕಾದ ಬಾಗಿಲು ಯಾವುದು ಎನ್ನುವುದನ್ನು ಒಂದೊಂದಾಗಿ ನೋಡೋಣ.

ಕೊಳ್ಳುವುದು ಎರಡು ಆಸ್ತಿ

ಅಣ್ಣತಮ್ಮಂದಿರು ಭಾಗವಾದಾಗ ಹೊಲ ಹಂಚಿಹೋಗುತ್ತದೆ, ಬಾವಿ ಜಂಟಿಯಾಗಿ ಉಳಿಯುತ್ತದೆ. ಬಾವಿಯನ್ನು ಸೀಳಿ ಹಂಚಲಾಗದು. ಆದರೆ ಪ್ರತಿಯೊಬ್ಬರಿಗೂ ಅದರಲ್ಲಿ ಇಷ್ಟು ಪಾಲು, ಇಂಥ ದಿನದ ಸರದಿ, ಹೂಳೆತ್ತುವ ಖರ್ಚಿನಲ್ಲಿ ಇಷ್ಟು ಭಾಗ ಎಂದು ಭಾಗಪತ್ರದಲ್ಲಿ ಬರೆದಿರುತ್ತದೆ. ಅಪಾರ್ಟ್‌ಮೆಂಟಿನ ಕಾನೂನೂ ಇದೇ ನ್ಯಾಯದ ಮೇಲೆ ನಿಂತಿದೆ. ಫ್ಲ್ಯಾಟ್ ನಿಮ್ಮೊಬ್ಬರದು. ನೆಲ ಮತ್ತು ಸಾಮಾನ್ಯ ಪ್ರದೇಶಗಳಲ್ಲಿ ನಿಮಗೊಂದು ಅವಿಭಜಿತ ಪಾಲು. ಆ ಪಾಲನ್ನು ಫ್ಲ್ಯಾಟಿನಿಂದ ಬೇರ್ಪಡಿಸಿ ಮಾರುವಂತಿಲ್ಲ, ನನ್ನ ಭಾಗ ಗುರುತಿಸಿ ಕೊಡಿ ಎಂದು ವಿಭಜನೆಯ ದಾವೆ ಹೂಡುವಂತಿಲ್ಲ.

ಕಟ್ಟಡಕ್ಕೆ ವಯಸ್ಸಾಗುತ್ತದೆ, ನೆಲಕ್ಕೆ ಆಗುವುದಿಲ್ಲ. ನಲವತ್ತು ವರ್ಷದ ನಂತರ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ನಿಮ್ಮ ಕೈಯಲ್ಲಿ ಬೆಲೆಬಾಳುವುದು ಆ ಅವಿಭಜಿತ ಪಾಲೇ. ತಮಿಳುನಾಡಿನಲ್ಲಿ ಇದನ್ನು ಎಲ್ಲರೂ ಯುಡಿಎಸ್ ಎಂದು ಕರೆಯುತ್ತಾರೆ. ತಮಿಳು ಪತ್ರದಲ್ಲಿ ‘ಪಿರಿಪಡಾದ ಪಾಗಂ’ ಎಂದು ಇರುತ್ತದೆ. ಕರ್ನಾಟಕದ ಪತ್ರಗಳಲ್ಲಿ ‘ಅವಿಭಜಿತ ಹಕ್ಕು’ ಅಥವಾ ‘ಅವಿಭಾಜ್ಯ ಪಾಲು’ ಎಂದು ಹುಡುಕಿ.

ಪಾಲಿನ ಲೆಕ್ಕ ಹೀಗೆ ಹಾಕಿ

20 ಸೆಂಟ್ ಜಾಗದಲ್ಲಿ ಒಂದು ಕಟ್ಟಡ ಎದ್ದಿದೆ ಎಂದುಕೊಳ್ಳಿ. ಕರ್ನಾಟಕದ ಲೆಕ್ಕದಲ್ಲಿ ಅದು 8 ಗುಂಟೆ; ಎರಡೂ 8,712 ಚದರ ಅಡಿಯೇ. ಅದರಲ್ಲಿ ಒಂದೇ ಅಳತೆಯ 12 ಫ್ಲ್ಯಾಟ್‌ಗಳಿದ್ದರೆ ಒಂದೊಂದಕ್ಕೂ 726 ಚದರ ಅಡಿ ನೆಲದ ಪಾಲು ಬರಬೇಕು. ನಿಮ್ಮ ಕ್ರಯಪತ್ರದಲ್ಲಿ 600 ಎಂದು ಬರೆದಿದ್ದರೆ ಮಿಕ್ಕ 126 ಚದರ ಅಡಿ ಯಾರ ಹೆಸರಿನಲ್ಲಿದೆ ಎಂದು ಕೇಳಲೇಬೇಕು. ಹನ್ನೆರಡು ಫ್ಲ್ಯಾಟ್‌ಗಳಿಂದಲೂ ಹಾಗೆಯೇ ಕಡಿದುಕೊಂಡರೆ 1,512 ಚದರ ಅಡಿ ಬಿಲ್ಡರ್ ಅಥವಾ ಮೂಲ ಜಮೀನಿನ ಮಾಲೀಕರ ಬಳಿ ಉಳಿಯುತ್ತದೆ. ಮುಂದೆ ಮೇಲೊಂದು ಮಹಡಿ ಏರಿಸುವುದಕ್ಕೆ ಅದೇ ಆಧಾರವಾಗಬಹುದು. ಫ್ಲ್ಯಾಟ್‌ಗಳ ಅಳತೆ ಬೇರೆಬೇರೆಯಾಗಿದ್ದರೆ ಪಾಲೂ ಅದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ಆದರೆ ಎಲ್ಲರ ಪಾಲನ್ನೂ ಕೂಡಿದರೆ ಒಟ್ಟು ನೆಲಕ್ಕೆ ಸಮವಾಗಬೇಕು.

ಯಾವುದು ಸಾಮಾನ್ಯ ಪ್ರದೇಶ?

ಈ ಪ್ರಶ್ನೆಗೆ ದೇಶಕ್ಕೆಲ್ಲ ಅನ್ವಯಿಸುವ ಉತ್ತರ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಲ್ಲಿದೆ. ಜನರ ಬಾಯಲ್ಲಿ ಇದು ರೇರಾ. ಅದರ ಪ್ರಕಾರ ಸಾಮಾನ್ಯ ಪ್ರದೇಶದಲ್ಲಿ ಇವು ಸೇರುತ್ತವೆ:

- ಯೋಜನೆಯ ಇಡೀ ನೆಲ. ಯೋಜನೆಯನ್ನು ಹಂತಹಂತವಾಗಿ ನೋಂದಾಯಿಸಿದ್ದರೆ ಆ ಹಂತದ ಇಡೀ ನೆಲ.
- ಮೆಟ್ಟಿಲು, ಲಿಫ್ಟ್, ಅವುಗಳ ಮುಂದಿನ ಹಜಾರ, ಬೆಂಕಿ ಬಿದ್ದಾಗ ಹೊರಬರುವ ದಾರಿ, ಒಳಬರುವ, ಹೊರಹೋಗುವ ಸಾಮಾನ್ಯ ಬಾಗಿಲುಗಳು.
- ಸಾಮಾನ್ಯ ನೆಲಮಾಳಿಗೆ, ಟೆರೇಸ್, ಉದ್ಯಾನ, ಆಟದ ಜಾಗ, ತೆರೆದ ಪಾರ್ಕಿಂಗ್, ಸಾಮಾನು ಇಡುವ ಸಾಮಾನ್ಯ ಜಾಗ.
- ವಿದ್ಯುತ್, ಅನಿಲ, ನೀರು, ಒಳಚರಂಡಿ, ಮಳೆನೀರು ಮತ್ತು ಸೌರವಿದ್ಯುತ್ತಿನ ವ್ಯವಸ್ಥೆ. ಟ್ಯಾಂಕ್, ಸಂಪ್, ಮೋಟಾರು.
- ಕಾವಲುಗಾರರು ಮತ್ತು ನಿರ್ವಹಣೆಯ ಕೆಲಸದವರು ಉಳಿಯಲು ಮಾಡಿದ ಕೋಣೆಗಳು.
- ಯೋಜನೆಯಲ್ಲಿ ತೋರಿಸಿದ ಸಮುದಾಯ ಭವನದಂಥ ಸೌಲಭ್ಯಗಳು.

500 ಚದರ ಮೀಟರಿಗಿಂತ ಹೆಚ್ಚಿಲ್ಲದ ನೆಲ, ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಫ್ಲ್ಯಾಟ್ ಇರುವ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರುಗಳಲ್ಲಿ ಏಳುವ ಆರು, ಎಂಟು ಮನೆಯ ಕಟ್ಟಡಗಳು ಹೀಗೆ ಹೊರಗುಳಿಯುತ್ತವೆ. ಅಂಥ ಕಡೆ ಕೊಳ್ಳುವವರಿಗೆ ಕ್ರಯಪತ್ರವೇ ದೊಡ್ಡ ರಕ್ಷಣೆ. ಅದರ ಷೆಡ್ಯೂಲಿನಲ್ಲಿ ಟೆರೇಸ್, ಬಾವಿ, ಪಾರ್ಕಿಂಗ್, ದಾರಿ ಎಲ್ಲವನ್ನೂ ಹೆಸರು ಹಿಡಿದು ಬರೆಸಿಕೊಳ್ಳಿ.

ಪಾರ್ಕಿಂಗ್ ಮತ್ತು ಟೆರೇಸ್

ತಕರಾರಿನ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಪಾರ್ಕಿಂಗ್. ತೆರೆದ ಪಾರ್ಕಿಂಗ್ ಸಾಮಾನ್ಯ ಪ್ರದೇಶವೆಂದು ರೇರಾ ಸ್ಪಷ್ಟವಾಗಿ ಹೇಳಿದೆ. ಅದನ್ನು ಬಿಲ್ಡರ್ ಆಸ್ತಿಯಂತೆ ಬಿಡಿಯಾಗಿ ಮಾರುವಂತಿಲ್ಲ. ಕಟ್ಟಡದ ಕೆಳಗೆ ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗ್ ಬಗ್ಗೆ 2010ರಲ್ಲಿ ನಹಲ್‌ಚಂದ್ ಲಾಲೂಚಂದ್ ಕಂಪನಿ ಮತ್ತು ಮುಂಬಯಿಯ ಪಾಂಚಾಲಿ ಸಹಕಾರಿ ಗೃಹ ಸಂಘದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂಥ ಜಾಗ ಗ್ಯಾರೇಜ್ ಅಲ್ಲ, ಅದನ್ನು ಫ್ಲ್ಯಾಟಿನಿಂದ ಬೇರೆಯಾಗಿ ಮಾರುವ ಹಕ್ಕು ಬಿಲ್ಡರ್‌ಗೆ ಇಲ್ಲ ಎಂಬುದು ಅದರ ಸಾರ. ಆ ತೀರ್ಪು ಬಂದದ್ದು ಮಹಾರಾಷ್ಟ್ರದ ಕಾಯ್ದೆಯ ಮೇಲೆ. ಆದರೂ ಬೇರೆ ರಾಜ್ಯಗಳ ತಕರಾರುಗಳಲ್ಲೂ ಅದನ್ನು ಮುಂದಿಡುತ್ತಾರೆ. ಮೂರು ಕಡೆ ಗೋಡೆ, ಮೇಲೆ ಸೂರು ಇರುವ ಗ್ಯಾರೇಜಿನ ಮಾತು ಬೇರೆ.

ಹಾಗೆಂದು ಪಾರ್ಕಿಂಗ್ ಜಾಗವನ್ನು ಹಂಚಿಕೊಡಬಾರದು ಎಂದಲ್ಲ. ಯಾವ ಮನೆಗೆ ಯಾವ ಜಾಗ ಎಂದು ಗುರುತು ಹಾಕುವುದು ಬಳಕೆಯ ಏರ್ಪಾಡು. ‘ಇದು ನನಗೆ ಬರೆದುಕೊಟ್ಟ ಆಸ್ತಿ’ ಎಂದು ಒಬ್ಬರು ಸರಪಳಿ ಎಳೆದು ಬೀಗ ಹಾಕುವುದು ಹಕ್ಕಿನ ಅತಿಕ್ರಮಣ. ಟೆರೇಸಿಗೂ ಇದೇ ಮಾತು. ಅದು ಸಾಮಾನ್ಯ ಪ್ರದೇಶವೆಂದು ಯೋಜನೆಯ ಕಾಗದದಲ್ಲಿದ್ದರೆ ಮೇಲಿನ ಮಹಡಿಯವರಿಗೆ ವಿಶೇಷ ಹಕ್ಕೇನೂ ಹುಟ್ಟುವುದಿಲ್ಲ. ಕೆಳಗಿನ ಮನೆಯವರೂ ಅಲ್ಲಿ ಬಟ್ಟೆ ಒಣಹಾಕಬಹುದು, ಮಾಲೀಕರ ಸಂಘ ಅಲ್ಲಿ ಸೌರಫಲಕ ಹಾಕಬಹುದು. ಮೊಬೈಲ್ ಗೋಪುರಕ್ಕೆ ಬಾಡಿಗೆ ಬಂದರೆ ಅದು ಎಲ್ಲರ ಆದಾಯ.

ನಕ್ಷೆ ಬದಲಿಸಲು ಯಾರ ಒಪ್ಪಿಗೆ ಬೇಕು?

ಮಂಜೂರಾದ ನಕ್ಷೆಯನ್ನಾಗಲಿ ಸಾಮಾನ್ಯ ಪ್ರದೇಶಗಳನ್ನಾಗಲಿ ಬದಲಿಸಬೇಕಾದರೆ ಬಿಲ್ಡರ್ ತನ್ನನ್ನು ಬಿಟ್ಟು ಉಳಿದ ಖರೀದಿದಾರರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರ ಲಿಖಿತ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಬೇಕು. ಇದು ರೇರಾದ 14ನೇ ಕಲಮು. ಮುಂಗಡ ಕೊಡುವಾಗಲೇ ‘ಮುಂದಿನ ಎಲ್ಲ ಬದಲಾವಣೆಗೂ ಸಮ್ಮತಿ ಇದೆ’ ಎಂಬ ಸಾಲಿಗೆ ಸಹಿ ಹಾಕಿಸಿಕೊಳ್ಳುವ ರೂಢಿ ಇದೆ. ಅಂಥ ಸಾಲು ಕಂಡರೆ ತೆಗೆಸಿ.

ಈ ಒಪ್ಪಿಗೆಗೆ ಎಷ್ಟು ಬೆಲೆಯಿದೆ ಎಂಬುದನ್ನು ನೋಯ್ಡಾದ ಪ್ರಕರಣ ಇಡೀ ದೇಶಕ್ಕೆ ತೋರಿಸಿತು. ಸೂಪರ್‌ಟೆಕ್ ಕಂಪನಿಯ ಎಮರಾಲ್ಡ್ ಕೋರ್ಟ್ ಸಮುಚ್ಚಯದಲ್ಲಿ ಮೂಲ ನಕ್ಷೆ ಉದ್ಯಾನವೆಂದು ತೋರಿಸಿದ್ದ ಜಾಗದಲ್ಲಿ ಎರಡು ಗೋಪುರಗಳು ಎದ್ದವು. ನಿವಾಸಿಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. ಕಟ್ಟಡಗಳ ನಡುವೆ ಬಿಡಬೇಕಾದ ಅಂತರ ಬಿಟ್ಟಿಲ್ಲ, ಫ್ಲ್ಯಾಟ್ ಮಾಲೀಕರ ಒಪ್ಪಿಗೆ ಪಡೆದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 31ರಂದು ಎರಡೂ ಗೋಪುರಗಳನ್ನು ಕೆಡವಲು ಆದೇಶಿಸಿತು. 2022ರ ಆಗಸ್ಟ್ 28ರಂದು ಅವು ನೆಲಕ್ಕುರುಳಿದವು. ಕೋರ್ಟಿನ ಮುಂದೆ ನಿಲ್ಲಲು ಸಾಮಾನ್ಯ ನಿವಾಸಿಗಳಿಗೆ ಬಲ ಕೊಟ್ಟದ್ದು ಹಳೆಯ ಮಂಜೂರಾತಿ ನಕ್ಷೆ ಮತ್ತು ಒಗ್ಗಟ್ಟಿನ ಸಂಘ.

ಎರಡು ರಾಜ್ಯ, ಎರಡು ಕಾಯ್ದೆ

ನೀವು ಎಲ್ಲಿಯವರು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಕಟ್ಟಡ ನಿಂತ ನೆಲ ಯಾವ ರಾಜ್ಯದ್ದೋ ಆ ರಾಜ್ಯದ ಕಾಯ್ದೆ ನಡೆಯುತ್ತದೆ. ಗಡಿಯ ಕುಟುಂಬಗಳು ಎಡವುವುದು ಇಲ್ಲೇ.

*ಕರ್ನಾಟಕದಲ್ಲಿ* 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುತ್ತೇವೆ ಎಂದು ಬಿಲ್ಡರ್ ಅಥವಾ ಮಾಲೀಕರೆಲ್ಲರೂ ‘ಡೀಡ್ ಆಫ್ ಡಿಕ್ಲರೇಷನ್’ ಎಂಬ ಘೋಷಣಾ ಪತ್ರ ಬರೆದು ನೋಂದಾಯಿಸಿದ ಮೇಲೆಯೇ ಇದು ಆ ಕಟ್ಟಡಕ್ಕೆ ಅನ್ವಯಿಸುತ್ತದೆ. ಯಾವ ಫ್ಲ್ಯಾಟಿಗೆ ಶೇಕಡಾ ಎಷ್ಟು ಪಾಲು, ಯಾವುದೆಲ್ಲ ಸಾಮಾನ್ಯ ಪ್ರದೇಶ ಎಂಬುದು ಆ ಪತ್ರದಲ್ಲಿರುತ್ತದೆ. ಅಲ್ಲಿ ಬರೆದ ಶೇಕಡಾವಾರು ಪಾಲನ್ನು ಎಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ. ಸೊಸೈಟಿಗಳ ನೋಂದಣಿ ಕಾಯ್ದೆಯಡಿ ಹುಟ್ಟಿಕೊಂಡ ಸಂಘಗಳೂ ರಾಜ್ಯದಲ್ಲಿ ಬಹಳ ಇವೆ. ಆದರೆ 1972ರ ಕಾಯ್ದೆಯ ಪೂರ್ಣ ಬಲ ಬೇಕಾದರೆ ಘೋಷಣಾ ಪತ್ರ ಇರಲೇಬೇಕು. ಕೊಳ್ಳುವ ಮುನ್ನ ಅದರ ಪ್ರತಿ ಕೇಳಿ ಓದಿ.

*ತಮಿಳುನಾಡಿನಲ್ಲಿ* 1994ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಜಾಗಕ್ಕೆ 2022ರ ಹೊಸ ಕಾಯ್ದೆ ಬಂದಿದೆ. ಅದು ಜಾರಿಯಾದದ್ದು 2024ರ ಮಾರ್ಚ್‌ನಲ್ಲಿ. ಮಾಲೀಕರ ಸಂಘ, ಅದರ ಬೈಲಾ, ಖರ್ಚು ಹಂಚಿಕೆ ಇವಕ್ಕೆಲ್ಲ ಈಗ ಇದೇ ಆಧಾರ. ಹಳೆಯ ಕಟ್ಟಡವನ್ನು ಕೆಡವಿ ಕಟ್ಟಲು ಮೂರನೇ ಎರಡು ಭಾಗದ ಮಾಲೀಕರು ಒಪ್ಪಿದರೆ ಸಾಕು ಎನ್ನುವುದು ಇದರ ದೊಡ್ಡ ಬದಲಾವಣೆ. ಹಿಂದೆ ಒಬ್ಬಿಬ್ಬರು ಒಪ್ಪದೆ ಇಡೀ ಕಟ್ಟಡ ಪಾಳುಬೀಳುವುದಿತ್ತು. ಕೊಯಮತ್ತೂರಿನಲ್ಲೋ ಈರೋಡಿನಲ್ಲೋ ಫ್ಲ್ಯಾಟ್ ಇಟ್ಟು ಊರಲ್ಲಿ ವಾಸಿಸುವವರು ಸಭೆಯ ನೋಟಿಸುಗಳು ತಮಗೆ ತಲುಪುವಂತೆ ನೋಡಿಕೊಳ್ಳಬೇಕು. ನೀವಿಲ್ಲದ ಸಭೆಯ ತೀರ್ಮಾನವೂ ನಿಮ್ಮ ಪಾಲಿನ ಮೇಲೆ ನಡೆಯುತ್ತದೆ.

ತಾಳವಾಡಿಯ ಹಿರಿಯರಲ್ಲಿ ತಮಿಳು ಮಾತು ಬಲ್ಲವರು ಅನೇಕರಿದ್ದರೂ ಅಕ್ಷರ ಬಾರದವರೂ ಇದ್ದಾರೆ. ತಮಿಳು ಪತ್ರಕ್ಕೆ ಸಹಿ ಮಾಡುವ ಮುನ್ನ ಕನ್ನಡ, ತಮಿಳು ಎರಡೂ ಬಲ್ಲ ವಕೀಲರಿಂದ ಪೂರ್ತಿ ಓದಿಸಿ ಕೇಳಿ. ‘ಕಿರಯ ಪತ್ತಿರಂ’ ಎಂದರೆ ಕ್ರಯಪತ್ರ, ‘ವಿಲ್ಲಂಗ ಸಾನ್ರಿದಳ್’ ಎಂದರೆ ನಮ್ಮ ಋಣಭಾರ ಪತ್ರ, ‘ಪೊದು’ ಎಂದು ಬಂದ ಕಡೆಯೆಲ್ಲ ಜಂಟಿ ಜಾಗದ ಮಾತಿದೆ. ಆ ಸಾಲುಗಳನ್ನು ಎರಡು ಸಲ ಓದಿಸಿ. ಎರಡೂ ರಾಜ್ಯಗಳ ನೋಂದಣಿ ಇಲಾಖೆಗಳು ಋಣಭಾರ ಪತ್ರವನ್ನು ಜಾಲತಾಣದಲ್ಲೇ ಕೊಡುತ್ತವೆ.

ಬಿಲ್ಡರ್ ಒಪ್ಪಿಸಬೇಕಾದದ್ದು

ರೇರಾ ಪ್ರಕಾರ, ಸಂಘ ಕೈಗೆ ತೆಗೆದುಕೊಳ್ಳುವ ತನಕ ನೀರು, ಲಿಫ್ಟ್, ಬೆಳಕಿನಂಥ ಅಗತ್ಯ ಸೇವೆಗಳನ್ನು ನ್ಯಾಯವಾದ ದರಕ್ಕೆ ನಡೆಸುವುದು ಬಿಲ್ಡರ್ ಹೊಣೆ. ಬೇರೆ ಸ್ಥಳೀಯ ಕಾನೂನು ಇಲ್ಲದ ಕಡೆ, ಹೆಚ್ಚಿನ ಫ್ಲ್ಯಾಟ್‌ಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಅನುವು ಮಾಡಿಕೊಡಬೇಕು; ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ ಸಿಕ್ಕ ಮೂರು ತಿಂಗಳೊಳಗೆ ಸಾಮಾನ್ಯ ಪ್ರದೇಶಗಳ ಹಕ್ಕನ್ನು ಸಂಘಕ್ಕೆ ಬರೆದುಕೊಡಬೇಕು. ನಕ್ಷೆ ಮತ್ತು ಇತರ ದಾಖಲೆಗಳನ್ನು ಓಸಿ ಸಿಕ್ಕ 30 ದಿನದಲ್ಲಿ ಒಪ್ಪಿಸಬೇಕು.

ಒಪ್ಪಿಸಿಕೊಳ್ಳುವಾಗ ಬರಿ ಬೀಗದ ಕೈಗೊಂಚಲು ಸಾಲದು. ಮಂಜೂರಾದ ನಕ್ಷೆ, ಕೊಳವೆ ಮತ್ತು ವಿದ್ಯುತ್ ಜಾಲದ ನಕ್ಷೆ, ಲಿಫ್ಟಿನ ಪರವಾನಗಿ, ಅಗ್ನಿಶಾಮಕ ಇಲಾಖೆಯ ಅನುಮತಿ, ಪಂಪು ಮತ್ತು ಜನರೇಟರಿನ ವಾರಂಟಿ ಕಾಗದ, ಮುಂದಿನ ದೊಡ್ಡ ಖರ್ಚಿಗೆಂದು ಕೂಡಿಸಿದ ಕಾರ್ಪಸ್ ನಿಧಿಯ ಪೂರ್ತಿ ಲೆಕ್ಕ ಎಲ್ಲವನ್ನೂ ಪಟ್ಟಿ ಮಾಡಿ ಪಡೆಯಿರಿ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸಬೇಕು. ಟೆರೇಸ್ ಸೋರಿಕೆ, ಸಂಪಿನ ಬಿರುಕು ಇವೆಲ್ಲ ಇದರೊಳಗೆ ಬರುತ್ತವೆ. ಆದ್ದರಿಂದ ಮೊದಲ ಮಳೆಗಾಲದಲ್ಲೇ ಫೋಟೊ ತೆಗೆದು, ದಿನಾಂಕ ಹಾಕಿ, ಪತ್ರ ಬರೆದಿಡಿ.

ನಿಮ್ಮ ಹೊಣೆ

ಹಕ್ಕು ಕೇಳುವವರಿಗೆ ಹೊಣೆಯೂ ಅಷ್ಟೇ ಖಚಿತವಾಗಿ ಗೊತ್ತಿರಬೇಕು.

ಮೊದಲನೆಯದು ಖರ್ಚಿನ ಪಾಲು. ‘ನಮ್ಮದು ನೆಲಮಹಡಿ, ನಾವು ಲಿಫ್ಟ್ ಹತ್ತುವುದಿಲ್ಲ’, ‘ವರ್ಷವಿಡೀ ಊರಲ್ಲೇ ಇರುತ್ತೇವೆ, ಮನೆಗೆ ಬೀಗ ಹಾಕಿದೆ’ ಎಂದು ಹೇಳಿ ಮೇಂಟೆನೆನ್ಸ್ ತಪ್ಪಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂಬ ಕಾರಣಕ್ಕೆ ಖರ್ಚಿನಿಂದ ವಿನಾಯಿತಿ ಇಲ್ಲ ಎಂದು ಕರ್ನಾಟಕದ ಕಾಯ್ದೆ ನೇರವಾಗಿ ಹೇಳುತ್ತದೆ. ಬಾಕಿ ಹಣ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ. ಮಾರಿದರೆ ಹಳೆಯ ಬಾಕಿಗೆ ಮಾರಿದವರೂ ಕೊಂಡವರೂ ಒಟ್ಟಾಗಿ ಹೊಣೆ. ಆದಕಾರಣ ಹಳೆಯ ಫ್ಲ್ಯಾಟ್ ಕೊಳ್ಳುವವರು ಸಂಘದಿಂದ ‘ಬಾಕಿ ಇಲ್ಲ’ ಪತ್ರ ಪಡೆಯದೆ ಹಣ ಕೊಡಬಾರದು. ಬಾಡಿಗೆಗೆ ಕೊಟ್ಟಿದ್ದರೂ ಸಂಘದ ಮುಂದೆ ಉತ್ತರ ಹೇಳಬೇಕಾದವರು ಮಾಲೀಕರೇ. ತಿಂಗಳ ಮೇಂಟೆನೆನ್ಸ್ ಒಬ್ಬ ಸದಸ್ಯರಿಗೆ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬರುತ್ತದೆ. ಆಗಲೂ 7,500ಕ್ಕಿಂತ ಮೇಲಿನ ಮೊತ್ತಕ್ಕೆ ಮಾತ್ರ ತೆರಿಗೆ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ.

ಎರಡನೆಯದು ಕಟ್ಟಡದ ಸುರಕ್ಷತೆ. ನನ್ನ ಮನೆಯೊಳಗಿನ ಗೋಡೆ ನನ್ನಿಷ್ಟ ಎಂದು ಭಾರ ಹೊರುವ ಗೋಡೆಯನ್ನು ಒಡೆಯುವಂತಿಲ್ಲ, ಕಂಬ ಮತ್ತು ತೊಲೆಗೆ ಕೈ ಹಾಕುವಂತಿಲ್ಲ. ಕಟ್ಟಡದ ಭದ್ರತೆ ಕುಂದಿಸುವ, ಬೆಲೆ ಇಳಿಸುವ, ಇತರರ ಅನುಭೋಗಕ್ಕೆ ಅಡ್ಡಿಯಾಗುವ ಕೆಲಸಕ್ಕೆ ಕರ್ನಾಟಕದಲ್ಲಿ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಬೇಕು. ಬಾಲ್ಕನಿಯನ್ನು ಕೋಣೆ ಮಾಡುವ ಮುನ್ನ, ಟೆರೇಸಿನಲ್ಲಿ ಮಣ್ಣು ತುಂಬಿ ತೋಟ ಮಾಡುವ ಮುನ್ನ ಸಂಘಕ್ಕೂ ಸ್ಥಳೀಯ ಸಂಸ್ಥೆಗೂ ಅರ್ಜಿ ಕೊಡಿ.

ಮೂರನೆಯದು ದಾರಿ ಬಿಡುವುದು. ಮೆಟ್ಟಿಲ ಮೇಲೆ ಚಪ್ಪಲಿ ಗೂಡು, ಹಳೆ ಸೈಕಲ್, ಗ್ಯಾಸ್ ಸಿಲಿಂಡರ್ ಇಡುವುದು ಚಿಕ್ಕ ವಿಷಯವೆಂದು ತೋರುತ್ತದೆ. ಬೆಂಕಿ ಹತ್ತಿ ಹೊಗೆ ತುಂಬಿದಾಗ ಆ ಮೆಟ್ಟಿಲೊಂದೇ ಮಕ್ಕಳು, ಮುದುಕರು ಹೊರಬರುವ ದಾರಿ.

ನಾಲ್ಕನೆಯದು ನೀರು. ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಿತು. ಇಂಗುಗುಂಡಿಯ ಹೂಳು ತೆಗೆಸುವುದು, ತೊಟ್ಟಿ ತೊಳೆಸುವುದು ವರ್ಷಕ್ಕೊಮ್ಮೆಯಾದರೂ ಆಗಬೇಕಾದ ಜಂಟಿ ಕೆಲಸ.

ಸಂಘಕ್ಕೂ ಮಿತಿ ಇದೆ

ಸಂಘ ಮಾಲೀಕರ ಪರವಾಗಿ ಜಾಗವನ್ನು ನೋಡಿಕೊಳ್ಳುತ್ತದೆಯೇ ಹೊರತು ಅದರ ಒಡೆಯನಲ್ಲ. ವರ್ಷದ ಲೆಕ್ಕಪತ್ರ, ಲೆಕ್ಕ ಪರಿಶೋಧನೆಯ ವರದಿ, ಸಭೆಯ ನಡಾವಳಿ ಇವನ್ನು ನೋಡುವ ಹಕ್ಕು ಪ್ರತಿ ಸದಸ್ಯರಿಗೂ ಇದೆ. ಬಾಕಿ ಇದೆ ಎಂದು ಕುಡಿಯುವ ನೀರು ನಿಲ್ಲಿಸುವುದು, ಮನೆಯ ವಿದ್ಯುತ್ ತೆಗೆಸುವುದು ವಸೂಲಿಯ ದಾರಿಯಲ್ಲ. ನೋಟಿಸ್ ಕೊಟ್ಟು ಕಾನೂನಿನ ಮೂಲಕ ವಸೂಲು ಮಾಡಬೇಕು. ಸಾಕುಪ್ರಾಣಿಗಳನ್ನು ಸಂಪೂರ್ಣ ನಿಷೇಧಿಸುವ ಬೈಲಾ ಸಲ್ಲದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸೂಚಿಸಿದೆ. ಸಾಕುವವರು ಸ್ವಚ್ಛತೆ ಕಾಪಾಡಬೇಕು ಎಂದು ಕೇಳಬಹುದು. ಜಾತಿ, ಧರ್ಮ, ಭಾಷೆ ನೋಡಿ ಲಿಫ್ಟ್, ಸಭಾಂಗಣದ ಬಳಕೆಗೆ ತಡೆ ಹಾಕಲು ಯಾವ ಬೈಲಾಕ್ಕೂ ಅಧಿಕಾರವಿಲ್ಲ.

ಈ ಜಾಗದಲ್ಲಿ ದುಡಿಯುವವರ ಮಾತನ್ನು ಬಿಡಬಾರದು. ಬೆಟ್ಟದ ಊರುಗಳಿಂದ ಪಟ್ಟಣಕ್ಕೆ ಇಳಿದವರಲ್ಲಿ ಫ್ಲ್ಯಾಟ್ ಕೊಂಡವರಿದ್ದಂತೆ, ಕಾವಲು, ಕಸ, ತೋಟದ ಕೆಲಸ ಹಿಡಿದವರೂ ಇದ್ದಾರೆ. ಕಾವಲುಗಾರರ ಕೋಣೆ ಸಾಮಾನ್ಯ ಪ್ರದೇಶದ ಭಾಗವೆಂದು ಕಾನೂನೇ ಹೇಳಿರುವಾಗ ಅದನ್ನು ಗುಜರಿ ಸಾಮಾನಿನ ಉಗ್ರಾಣ ಮಾಡುವುದು ತಪ್ಪು. ಶೌಚಗುಂಡಿಗೆ ಅಥವಾ ಕೊಳಚೆ ನೀರು ಸಂಸ್ಕರಣೆಯ ತೊಟ್ಟಿಗೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ‘ಕಂಟ್ರಾಕ್ಟರ್ ನೋಡಿಕೊಳ್ಳುತ್ತಾನೆ’ ಎಂದು ಸಂಘ ಕೈತೊಳೆದುಕೊಳ್ಳಲಾಗದು.

ಬೆಟ್ಟದ ಮೇಲಿನ ಜಂಟಿ ಜಾಗ

ಫ್ಲ್ಯಾಟ್ ಕೊಳ್ಳದವರಿಗೂ ಈ ವಿಚಾರ ಬೇಕು. ಒಂದೇ ಗೋಡೆಗೆ ಆತುಕೊಂಡ ಎರಡು ಮನೆ, ಒಬ್ಬರ ಹೊಲದ ಬದಿಯಿಂದ ಇನ್ನೊಬ್ಬರ ಹೊಲಕ್ಕೆ ಹೋಗುವ ಗಾಡಿದಾರಿ, ಜಂಟಿ ಬಾವಿ, ಜಂಟಿ ಕಣ ತಾಳವಾಡಿ ಸೀಮೆಯಲ್ಲಿ ಊರೂರಿಗೂ ಇವೆ. ಇವಕ್ಕೆ ಅನ್ವಯಿಸುವುದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ. ಒಂದು ದಾರಿಯನ್ನೋ ನೀರಿನ ಹರಿವನ್ನೋ 20 ವರ್ಷ ಬಹಿರಂಗವಾಗಿ, ಹಕ್ಕೆಂದು, ಅಡ್ಡಿಯಿಲ್ಲದೆ ಬಳಸಿದ್ದರೆ ಅದು ಕಾನೂನಿನ ಹಕ್ಕಾಗಿ ಗಟ್ಟಿಯಾಗುತ್ತದೆ. ಸರ್ಕಾರಿ ನೆಲವಾದರೆ 30 ವರ್ಷ. ಆಸ್ತಿ ಭಾಗವಾದಾಗ ಬೇರೆ ದಾರಿಯೇ ಇಲ್ಲದ ತುಂಡಿಗೆ ಅನಿವಾರ್ಯದ ದಾರಿಹಕ್ಕೂ ಸಿಗುತ್ತದೆ.

ಆದರೂ ಕೋರ್ಟಿಗೆ ಹೋಗಿ ಸಾಬೀತು ಮಾಡುವುದಕ್ಕಿಂತ ಭಾಗಪತ್ರದಲ್ಲೇ ಬರೆಸುವುದು ಲೇಸು. ಬಾವಿಯಲ್ಲಿ ಯಾರಿಗೆ ಎಷ್ಟು ಪಾಲು, ಮೋಟಾರಿನ ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿ, ಬಾವಿಗೆ ಹೋಗುವ ದಾರಿಯ ಅಗಲ ಎಷ್ಟು, ದುರಸ್ತಿ ಖರ್ಚು ಹೇಗೆ ಎಂಬ ನಾಲ್ಕು ಸಾಲು ಮುಂದಿನ ತಲೆಮಾರಿನ ಜಗಳ ತಪ್ಪಿಸುತ್ತವೆ. ಸ್ಥಿರಾಸ್ತಿಯ ಲಿಖಿತ ಭಾಗಪತ್ರಕ್ಕೆ ನೋಂದಣಿ ಕಡ್ಡಾಯ. ಬಿಳಿ ಹಾಳೆಯ ಮೇಲೆ ಪಂಚಾಯ್ತರ ಸಹಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟರೆ ಸಾಲದು.

ದೂರು ಎಲ್ಲಿ ಕೊಡಬೇಕು?

ಮೊದಲು ಸಂಘಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರ ಸಿಗದಿದ್ದರೆ ವಿಷಯವನ್ನು ಸರ್ವಸದಸ್ಯರ ಸಭೆಯ ಮುಂದೆ ತನ್ನಿ. ಆಮೇಲೆ:

- ಬಿಲ್ಡರ್ ತಪ್ಪಿದ್ದರೆ ಕಟ್ಟಡ ಇರುವ ರಾಜ್ಯದ ರೇರಾ ಪ್ರಾಧಿಕಾರ. ಕರ್ನಾಟಕದ್ದು ಬೆಂಗಳೂರಿನಲ್ಲಿ, ತಮಿಳುನಾಡಿನದ್ದು ಚೆನ್ನೈನಲ್ಲಿದೆ. ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.
- ಸೇವೆಯ ಲೋಪವಾದರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿದೆ. ಫ್ಲ್ಯಾಟ್ ಬೆಂಗಳೂರಿನಲ್ಲಿದ್ದರೂ ತಾಳವಾಡಿಯಲ್ಲಿ ವಾಸಿಸುವವರು ಈರೋಡು ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ರೇರಾ ಇದೆ ಎಂಬ ಕಾರಣಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸಲಹೆಗೆ ಗ್ರಾಹಕ ಸಹಾಯವಾಣಿ 1915.
- ನಕ್ಷೆ ಮೀರಿ ಕಟ್ಟಿದ್ದರೆ ನಗರಪಾಲಿಕೆ ಅಥವಾ ಸ್ಥಳೀಯ ಸಂಸ್ಥೆ. ಬೆಂಕಿಯ ದಾರಿ ಮುಚ್ಚಿದ್ದರೆ ಅಗ್ನಿಶಾಮಕ ಇಲಾಖೆ.
- ಒತ್ತುವರಿ ತೆರವು, ತಡೆಯಾಜ್ಞೆ, ಪಾಲಿನ ಹಕ್ಕು ಸ್ಥಾಪನೆಗೆ ಸಿವಿಲ್ ನ್ಯಾಯಾಲಯ.
- ವಕೀಲರ ಖರ್ಚು ಭರಿಸಲಾಗದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಸಹಿ ಹಾಕುವ ಮುನ್ನ

1. ರೇರಾ ನೋಂದಣಿ ಸಂಖ್ಯೆ ಪಡೆದು ಪ್ರಾಧಿಕಾರದ ಜಾಲತಾಣದಲ್ಲಿ ನಕ್ಷೆ ನೋಡಿ.
2. ಅವಿಭಜಿತ ಪಾಲು ಎಷ್ಟು ಚದರ ಅಡಿ ಎಂದು ಲೆಕ್ಕ ಹಾಕಿ ತಾಳೆ ನೋಡಿ.
3. ಟೆರೇಸ್, ಪಾರ್ಕಿಂಗ್, ಬಾವಿ ಅಥವಾ ಕೊಳವೆಬಾವಿ, ದಾರಿ ಇವುಗಳ ಹೆಸರು ಷೆಡ್ಯೂಲಿನಲ್ಲಿವೆಯೇ ನೋಡಿ.
4. ಕರ್ನಾಟಕದಲ್ಲಾದರೆ ಘೋಷಣಾ ಪತ್ರ, ಎರಡೂ ಕಡೆ ಸಂಘದ ಬೈಲಾ ಕೇಳಿ ಓದಿ.
5. ಹಳೆಯ ಫ್ಲ್ಯಾಟ್ ಆದರೆ ಬಾಕಿ ಇಲ್ಲದ ಪತ್ರ, ಓಸಿ, ಲಿಫ್ಟ್ ಪರವಾನಗಿ ನೋಡಿ.
6. ಮುಂದಿನ ಬದಲಾವಣೆಗಳಿಗೆಲ್ಲ ಈಗಲೇ ಒಪ್ಪಿಗೆ ಕೊಡುವ ಸಾಲಿಗೆ ಸಹಿ ಹಾಕಬೇಡಿ.

ಈಗಾಗಲೇ ಫ್ಲ್ಯಾಟ್ ಕೊಂಡವರು ಈ ವಾರವೇ ಕ್ರಯಪತ್ರ ಹೊರತೆಗೆದು ನಿಮ್ಮ ನೆಲದ ಪಾಲು ಎಷ್ಟೆಂದು ನೋಡಿ. ಸಂಘಕ್ಕೆ ನಿಮ್ಮ ಈಗಿನ ವಿಳಾಸ, ಫೋನ್ ಸಂಖ್ಯೆ ಕೊಡಿ. ಮುಂದಿನ ಸರ್ವಸದಸ್ಯರ ಸಭೆಗೆ ದೂರವಾದರೂ ಹೋಗಿ ಕುಳಿತುಕೊಳ್ಳಿ. ಹೋಗಲಾಗದಿದ್ದರೆ ನಿಮ್ಮ ಅಭಿಪ್ರಾಯವನ್ನು ಬರೆದು ಕಳಿಸಿ. ಜಂಟಿ ಜಾಗದ ಪ್ರತಿ ಚದರ ಅಡಿಯಲ್ಲೂ ನಿಮ್ಮ ಹೆಸರಿನ ಪಾಲಿದೆ. ಆ ಪಾಲಿನ ಕಾಗದವನ್ನು ಜೋಪಾನವಾಗಿಡಿ, ಪಾಲಿನ ಖರ್ಚನ್ನು ಹೊತ್ತಿಗೆ ಸರಿಯಾಗಿ ಕೊಡಿ, ಪಾಲಿನ ಪ್ರಶ್ನೆಯನ್ನು ಅಂಜದೆ ಕೇಳಿ.